ಕೋಮಲಾಳ ನೂರು ಪುಸ್ತಕದ ವರ್ಷ

ಕಾದಂಬರಿ ಓದಿ ಕೇಳಿಸುವ ಆ್ಯಪಿಗೆ ವರ್ಷದ ಚಂದಾ ಸಾವಿರದ ನಾನ್ನೂರ ತೊಂಬತ್ತೊಂಬತ್ತು ರೂಪಾಯಿ. ಕಿವಿಗೆ ಸಿಕ್ಕಿಸಿಕೊಳ್ಳುವ ಬಡ್ಸ್ ಹದಿನೆಂಟು ನೂರು. ಬಲಗಿವಿಯದು ಉಜ್ಜಿನಿ ಹತ್ತಿರ ಬಸ್ಸಿನ ಕಿಟಕಿಯಿಂದ ಬಿದ್ದುಹೋದ ಕಾರಣ ಮತ್ತೊಮ್ಮೆ ಹದಿನೆಂಟು ನೂರು. ಕೊಂಡು ಓದಿದ ಕಾದಂಬರಿ ಮೂವತ್ತೊಂದು, ಒಂದಕ್ಕೆ ಇನ್ನೂರೈವತ್ತು ಹಿಡಿದರೂ ಏಳು ಸಾವಿರದ ಏಳುನೂರೈವತ್ತು. ಬಸ್ಸಿಗೆ ಮಾತ್ರ ಖರ್ಚಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಹೆಣ್ಣುಮಕ್ಕಳಿಗೆ ಪುಕ್ಕಟೆ. ಪುಸ್ತಕಗಳನ್ನು ಬೈದು ಬರೆಯುವುದಕ್ಕೂ ಖರ್ಚಿಲ್ಲ, ಬರೆಯುವವರಿಗಂತೂ ಇಲ್ಲ.

ಕೋಮಲಾ ಇರುವುದು ಕಾನಹೊಸಹಳ್ಳಿಯಲ್ಲಿ, ಗುಮಾಸ್ತೆ ಕೆಲಸ ಹರಪನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ. ಕೊಟ್ಟೂರಿನಲ್ಲಿ ಬಸ್ ಬದಲಿಸಬೇಕು. ಹೋಗಿ ಬರುವುದಕ್ಕೆ ದಿನಕ್ಕೆ ಮೂರು ತಾಸು. ಬೇರೆ ಹೆಣ್ಣುಮಕ್ಕಳು ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದರು, ಇಲ್ಲವೆ ಸೊಪ್ಪು ಸೋಸುತ್ತಿದ್ದರು. ಕೋಮಲಾ ಕಾದಂಬರಿ ಕೇಳುತ್ತಿದ್ದಳು. ಜನವರಿ ಒಂದರಂದು ಹಟ ತೊಟ್ಟಿದ್ದಳು: ಈ ವರ್ಷ ನೂರು ಪುಸ್ತಕ, ಪ್ರತಿಯೊಂದಕ್ಕೂ ಸ್ಟಾರ್, ಪ್ರತಿಯೊಂದಕ್ಕೂ ವಿಮರ್ಶೆ.

ನೂರು ಮುಗಿಯಬೇಕಲ್ಲ? ಹತ್ತು ತಾಸಿನ ಪುಸ್ತಕವನ್ನು ಹತ್ತು ತಾಸು ಕೇಳಿದರೆ ಆಗುವ ಮಾತಲ್ಲ. ಫೆಬ್ರವರಿಯಲ್ಲಿ ವೇಗವನ್ನು ಒಂದೂಕಾಲಿಗೆ ಏರಿಸಿದಳು, ಯುಗಾದಿ ಹೊತ್ತಿಗೆ ಒಂದೂವರೆ, ಮಳೆಗಾಲಕ್ಕೆ ಎರಡು. ಮೊದಮೊದಲು ಕಿವಿ ಚಿಟ್ಟೆನ್ನುತ್ತಿತ್ತು. ಆಮೇಲೆ ರೂಢಿಯಾಯಿತು. ಎಷ್ಟು ರೂಢಿ ಅಂದರೆ, ಎದುರಿಗೆ ಕೂತು ಮಾತಾಡುವವರೇ ನಿಧಾನ ಅನ್ನಿಸತೊಡಗಿದರು.

"ನಾನು ಹೇಳೋದು ಮುಗಿಯೋತನಕ ಕೇಳ್ತೀಯೇನ?" ಅಂತ ಗಂಡ ಕ್ರಾಂತಿಕುಮಾರ್ ಒಂದು ದಿನ ಕೇಳಿದ.

"ಅರ್ಧಕ್ಕ ತಿಳೀತು, ಬಿಡ್ರಿ."

"ಹಂಗಾದ್ರ ನಿನ್ನ ಉಪ್ಪಿಟ್ಟೂ ಅರ್ಧಕ್ಕ ತಿಳೀತು. ಎರಡು ಸ್ಟಾರ್."

ಅವಳು ಬರೆಯುತ್ತಿದ್ದುದು ಓದುಗರ ಒಂದು ದೊಡ್ಡ ಗುಂಪಿನಲ್ಲಿ. ಹನ್ನೆರಡು ಸಾವಿರ ಜನ ಇದ್ದರು. ಗುಂಪು ನಡೆಸುತ್ತಿದ್ದಾಕೆ ಹರಪನಹಳ್ಳಿಯಲ್ಲಿ ಪುಸ್ತಕದಂಗಡಿ ಇಟ್ಟಿದ್ದ ವಾಣಿಶ್ರೀ. ಅಲ್ಲಿ ಕೋಮಲಾಳ ಹೆಸರು 'ಒಣಮೆಣಸಿನಕಾಯಿ'. ಆಕೆ ಯಾರೆಂದು ವಾಣಿಶ್ರೀಗೊಬ್ಬಳಿಗೇ ಗೊತ್ತು. ಮೊದಲ ನಾಲ್ಕು ತಿಂಗಳು ಒಳ್ಳೆಯ ಪುಸ್ತಕವನ್ನು ಒಳ್ಳೆಯದೆಂದೇ ಬರೆದಳು. ಆರು ಜನ, ಎಂಟು ಜನ ಲೈಕ್ ಒತ್ತಿದರು. ಮೇ ತಿಂಗಳಲ್ಲಿ ಆರುನೂರು ಪುಟದ ಒಂದು ಕಾದಂಬರಿಗೆ ಬೇಸತ್ತು ಎರಡು ಸಾಲು ಗೀಚಿದಳು: 'ನಾಯಕ ಕೊನೆಯ ಪುಟದಲ್ಲಿ ಸಾಯುತ್ತಾನೆ. ಮೂವತ್ತನೇ ಪುಟದಲ್ಲೇ ಸತ್ತಿದ್ದರೆ ಇಬ್ಬರಿಗೂ ಬಿಡುಗಡೆ ಇತ್ತು.' ಒಂಬೈನೂರು ಲೈಕ್ ಬಂದವು.

ಹೊಗಳುವುದಕ್ಕೆ ಪುಸ್ತಕ ಓದಿರಬೇಕು, ನಗಿಸುವುದಕ್ಕೆ ನಾಲಿಗೆ ಇದ್ದರೆ ಸಾಕು. ಇದು ಕೋಮಲಾಗೆ ಬೇಗ ತಿಳಿಯಿತು. ಮುಂದಿನ ವಾರ ಇನ್ನೊಬ್ಬರ ಪುಸ್ತಕಕ್ಕೆ ಬರೆದಳು: 'ಲೇಖಕರು ಮುನ್ನುಡಿಯಲ್ಲಿ ಹೆಂಡತಿಗೆ ಕೃತಜ್ಞತೆ ಹೇಳಿದ್ದಾರೆ. ಆಯಮ್ಮನಿಗೆ ನಮ್ಮ ಸಂತಾಪಗಳು.' ಸಾವಿರದ ಇನ್ನೂರು. ವಾಣಿಶ್ರೀ ಅಂಗಡಿಗೆ ಕರೆದು ಚಹಾ ಕುಡಿಸಿದಳು.

"ಮಂದಿ ನಿನ್ನ ಸಲುವಾಗೇ ಗುಂಪಿಗೆ ಬರಾಕ ಹತ್ಯಾರ ಕೋಮಲಾ. ಖಾರ ಕಮ್ಮಿ ಮಾಡಬ್ಯಾಡ. ವರ್ಷದ ಕೊನೀಗೆ 'ವರ್ಷದ ಓದುಗಿ' ಅಂತ ಕೊಡೋಣಂತ ಮಾಡೀನಿ. ಲೈಕ್ ಯಾರಿಗೆ ಜಾಸ್ತಿ ಅವರಿಗೆ."

ಕೋಮಲಾಗೆ ಅದು ಸಣ್ಣ ಮಾತಾಗಿರಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಯಾರೂ ಅವಳನ್ನು ಯಾವುದಕ್ಕೂ ಮೊದಲನೆಯವಳು ಅಂದಿರಲಿಲ್ಲ.

ಸೆಪ್ಟೆಂಬರಿನಲ್ಲಿ ಎಪ್ಪತ್ತೊಂದನೆಯದಾಗಿ ಒಂದು ಆಡಿಯೊ ಕಾದಂಬರಿ ಕೇಳಿದಳು. ಒಬ್ಬ ಸೂಲಗಿತ್ತಿಯ ಕತೆ. ಹದಿನಾಲ್ಕು ತಾಸಿನದನ್ನು ಏಳು ತಾಸಿನಲ್ಲಿ, ಎರಡೂವರೆ ದಿನದ ಬಸ್ಸಿನಲ್ಲಿ ಮುಗಿಸಿದಳು. ಸಂಜೆ ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತೇ ವಿಮರ್ಶೆ ಬರೆದಳು: 'ಓದಿದಾಕೆಗೆ ಎಲ್ಲಿಗೋ ಬಸ್ ತಪ್ಪುತ್ತಿತ್ತೆಂದು ಕಾಣುತ್ತದೆ. ಮೆಕ್ಕೆಜೋಳ ಒಕ್ಕುವ ಮಷಿನ್ನಿಗೆ ಸೀರೆ ಉಡಿಸಿ ಕೂರಿಸಿದಂತಿದೆ ಈ ದನಿ. ಅಳಬೇಕಾದಲ್ಲಿ ಕೆಮ್ಮುತ್ತಾಳೋ, ಕೆಮ್ಮಬೇಕಾದಲ್ಲಿ ಅಳುತ್ತಾಳೋ ದೇವರಿಗೇ ಗೊತ್ತು. ದುಡ್ಡು ಕೊಟ್ಟು ಓದಿಸಿದವರೇ, ಅದೇ ದುಡ್ಡು ಕೊಟ್ಟು ಸುಮ್ಮನಿರಿಸಬಾರದಿತ್ತೆ? ಒಂದು ಸ್ಟಾರ್, ಅದೂ ಮುಗಿದದ್ದಕ್ಕೆ.' ಇದನ್ನೇ ಆ್ಯಪಿನಲ್ಲೂ ಹಾಕಿದಳು. ಓದಿದಾಕೆಯ ಹೆಸರೇನೆಂದು ನೋಡಲಿಲ್ಲ. ಯಾವತ್ತೂ ನೋಡುತ್ತಿರಲಿಲ್ಲ.

ಎರಡು ಸಾವಿರದ ಮುನ್ನೂರು ಲೈಕ್. ಗುಂಪಿನವರು ಅಷ್ಟಕ್ಕೇ ನಿಲ್ಲಲಿಲ್ಲ. ಆ್ಯಪಿಗೆ ಹೋಗಿ, ಒಂದು ನಿಮಿಷವೂ ಕೇಳದೆ, ತಮಾಷೆಗೆ ಒಂದೊಂದು ಸ್ಟಾರ್ ಒತ್ತಿ ಬಂದರು.

ಡಿಸೆಂಬರ್ ಇಪ್ಪತ್ತನಾಲ್ಕರಂದು ಕಚೇರಿಯಲ್ಲಿ ಊಟದ ಹೊತ್ತು. ಬುತ್ತಿ ಬಿಚ್ಚಿಕೊಂಡು ನಾಲ್ಕಾರು ಜನ ಕೂತಿದ್ದರು. ಮಾತಿಗೆ ಮಾತು ಬಂದು, "ಅತ್ಯಂತ ಕೆಟ್ಟ ದನಿ ಕೇಳ್ತೀರೇನು?" ಅಂತ ಕೋಮಲಾ ಆ ಪುಸ್ತಕವನ್ನು ಫೋನಿನ ಸ್ಪೀಕರಿನಲ್ಲಿ ಹಾಕಿದಳು. ಎಲ್ಲರೂ ನಕ್ಕರು.

ಅಟೆಂಡರ್ ಉಚ್ಚಂಗೆಪ್ಪ ಮಾತ್ರ ರೊಟ್ಟಿ ಕೆಳಗಿಟ್ಟು ಫೋನಿನ ಮೇಲೆ ಬಗ್ಗಿದ. "ಮೇಡಂರೀ, ಇದು ಎರಡು ಅಂತ ತೋರ್ಸಾಕ ಹತ್ತೈತಲ್ಲ? ನನ್ನ ಮೊಮ್ಮಗಳು ಕಾರ್ಟೂನ್ ಹಿಂಗ ಓಡಸ್ತಾಳ. ಹಿಂಗ ಓಡಿಸಿದ್ರ ಯಾರ ದನಿ ಆದ್ರೂ ಕೊಯ್ಯೋ ಕೋಳಿ ದನಿ ಆಗತೈತಿ."

"ನಿಂಗೇನು ತಿಳೀತೈತಿ ಉಚ್ಚಂಗೆಪ್ಪಣ್ಣ, ಉಣ್ಣು ಸುಮ್ಮನ."

"ಪುಸ್ತಕ ತಿಳಿಯಂಗಿಲ್ರೀ. ಮನುಷ್ಯರ ದನಿ ತಿಳೀತೈತಿ," ಅಂದವನೇ ಬೆರಳಿನಿಂದ ಎರಡನ್ನು ಒಂದು ಮಾಡಿದ.

ದನಿ ಇಳಿಯಿತು. ನೆಲಕ್ಕೆ ಕಾಲೂರಿತು. ಸೂಲಗಿತ್ತಿ ಸತ್ತ ಕೂಸನ್ನು ಬಟ್ಟೆಯಲ್ಲಿ ಸುತ್ತುವ ಜಾಗ ಅದು. ಓದುತ್ತಿದ್ದಾಕೆ ಒಂದು ಮಾತಿನ ಮೊದಲು ನಿಂತಳು, ಮೂಗಿನಲ್ಲಿ ಸಣ್ಣಗೆ ಉಸಿರೆಳೆದಳು, ಆಮೇಲೆ ಹೇಳಿದಳು. ಕೋಮಲಾಳ ಕೈ ಬುತ್ತಿಯ ಮೇಲೆ ಹಾಗೇ ನಿಂತಿತು.

ಆ ಕೈ ಹಾಗೆ ನಿಂತದ್ದು ಅದೇ ಮೊದಲಲ್ಲ. ಶಾಲೆಗೆ ಹೋಗುವಾಗ ಅವಳಿದ್ದ ಕೂಡ್ಲಿಗಿಯ ಹಾಸ್ಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಹುಡುಗಿಯರೆಲ್ಲ ಮೊರ ಹಿಡಿದು ವಾರದ ಅಕ್ಕಿ ಆರಿಸುತ್ತಿದ್ದರು. ಒಬ್ಬಳಿಗೆ ಮಾತ್ರ ಆ ಪಾಳಿ ಇರಲಿಲ್ಲ: ರೇಖಕ್ಕ. ಹೂವಿನಹಡಗಲಿ ಕಡೆಯ ಹುಡುಗಿ, ಕೋಮಲಾಗಿಂತ ನಾಲ್ಕು ವರ್ಷ ದೊಡ್ಡವಳು. ಅವಳು ಹರಿದ ಕಾದಂಬರಿ ಹಿಡಿದು ಓದಬೇಕು, ಅವಳ ಪಾಲಿನ ಅಕ್ಕಿಯನ್ನು ಕೋಮಲಾ ಆರಿಸಬೇಕು. ಕೆಟ್ಟದ್ದು ಬರುವ ಮೊದಲು ರೇಖಕ್ಕ ಹೀಗೇ ನಿಂತು ಉಸಿರೆಳೆಯುತ್ತಿದ್ದಳು. ಅಷ್ಟೂ ಮೊರಗಳು ಅಲ್ಲಲ್ಲೇ ನಿಲ್ಲುತ್ತಿದ್ದವು. "ನಿಧಾನಕ್ಕ ಓದಕ್ಕ, ಮುಗದುಬಿಡತೈತಿ," ಅಂತ ಹತ್ತು ವರ್ಷದ ಕೋಮಲಾ ಬೇಡಿಕೊಳ್ಳುತ್ತಿದ್ದಳು. ಅವಳಿಗೆ ಪುಸ್ತಕದ ಹುಚ್ಚು ಹತ್ತಿದ್ದೇ ಆ ದನಿಯಿಂದ.

ಬುತ್ತಿ ಮುಚ್ಚಿ ಹೊರಗೆ ಹೋಗಿ ಫೋನು ನೋಡಿದಳು. ಓದಿದವರು: ರೇಖಾ ಎಚ್. ವಾಟ್ಸಾಪಿನಲ್ಲಿ ಹಿಂದಕ್ಕೆ ಹೋದಳು. ಎರಡು ವರ್ಷದ ಹಿಂದೆ ರೇಖಕ್ಕ ಕಳಿಸಿದ್ದಳು: 'ಕೋಮಲಿ, ನಾನೂ ಕತಿ ಓದಾಕ ಹತ್ತೀನಿ, ಕೇಳಿ ಹೇಳು.' ಕೆಳಗೊಂದು ಲಿಂಕ್. ಲಿಂಕ್ ತೆರೆಯದೆ ಹೆಬ್ಬೆರಳೊಂದನ್ನು ಕಳಿಸಿ ಕೈತೊಳೆದುಕೊಂಡಿದ್ದಳು ಕೋಮಲಾ.

ಸಂಜೆ ಬಸ್ ಹತ್ತುವ ಮೊದಲು ಫೋನು ಮಾಡಿದಳು.

"ಯಾರು, ಕೋಮಲಿ ಏನ? ಲೇ, ಬದುಕೀಯೇನ?"

"ಅದೀನಕ್ಕ. ಹೆಂಗದೀ?"

"ಹೆಂಗಿರೋದು! ಅತ್ತಿ ಹಾಸಿಗಿ ಹಿಡದು ಮೂರು ವರ್ಷ ಆತು. ಹೊರಗ ದುಡಿಯಾಕ ಹೋಗಂಗಿಲ್ಲ. ಮನ್ಯಾಗ ಸಣ್ಣ ಖೋಲಿಗೆ ಸಪ್ಪಳ ಬರದಂಗ ಸುತ್ತಾ ಕೌದಿ ಕಟ್ಟಿ, ಮೈಕ್ ಇಟ್ಕೊಂಡು ಓದ್ತೀನಿ. ತಾಸಿಗಿಷ್ಟು ಅಂತ ಕೊಡ್ತಾರ. ನಡದಿತ್ತು ಚಲೋ. ಈಗ ನೋಡು, ಯಾರೋ ಒಬ್ಬಾಕಿ ಒಣಮೆಣಸಿನಕಾಯಿ ಅಂತ. ಜೋಳದ ಮಷಿನ್ನಿಗೆ ಸೀರಿ ಉಡಿಸಿದಂಗ ಐತಿ ನನ್ನ ದನಿ ಅಂತ ಬರದಾಳ." ರೇಖಾ ನಕ್ಕಳು. "ಮೊದಲು ನಗೀನೇ ಬಂತು. ಬರವಣಿಗಿ ಚಂದೈತಿ ಅಂದೆ. ಆಮ್ಯಾಗ ನಾಕನೂರು ಮಂದಿ ಕುರಿ ಹಿಂದ ಕುರಿ ಬಂದ್ರು. ನಾಕರ ಮ್ಯಾಲಿದ್ದದ್ದು ಎರಡಕ್ಕ ಇಳೀತು."

"ಅದಕ್ಕೇನಾಗತೈತಕ್ಕ?"

"ಮೂವತ್ತನೇ ತಾರೀಕು ಕಂಪನಿಯವರು ಲೆಕ್ಕ ನೋಡ್ತಾರ. ಮೂರೂವರಿಗಿಂತ ಕೆಳಗಿದ್ರ ಮುಂದಿನ ಪುಸ್ತಕ ಇಲ್ಲ. ಬರದಾಕೀನೇ ತಪ್ಪಾತು ಅಂತ ಅಲ್ಲೇ ಎರಡು ಸಾಲು ಬರದ್ರ, ಆಕೀ ಹಿಂದ ಬಂದ ಸ್ಟಾರೆಲ್ಲಾ ತಗದು ಹಾಕ್ತೀವಿ ಅಂದಾರ. ಆಕೀಗೆ ಮೆಸೇಜ್ ಹಾಕೀನಿ. ನೋಡೇ ಇಲ್ಲ."

"ನೋಡ್ತಾಳ ಬಿಡಕ್ಕ," ಅಂದಳು ಕೋಮಲಾ. ನಾನೇ ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಬಸ್ ಬಂತು. ಬಸ್ ಬಂತು ಅಂತಲೇ ಹೇಳಿ ಇಟ್ಟಳು.

ಸೀಟಿನಲ್ಲಿ ಕೂತು ಒಣಮೆಣಸಿನಕಾಯಿಯ ಖಾತೆ ತೆರೆದಳು. ಅಪರಿಚಿತರ ಸಂದೇಶಗಳ ರಾಶಿಯಲ್ಲಿ ಅದೂ ಇತ್ತು, ಅಕ್ಟೋಬರಿನದು: 'ಅಮ್ಮಾ, ನಮಸ್ಕಾರ. ಎಲ್ಲಿ ತಪ್ಪಿದೆ ಅಂತ ಹೇಳಿದರೆ ತಿದ್ದಿಕೊಳ್ಳುತ್ತೇನೆ.'

ಎರಡು ಸಾಲು ಬರೆಯುವುದು ಕೋಮಲಾಗೆ ಕಷ್ಟವೇ? ಉಜ್ಜಿನಿ ದಾಟುವುದರೊಳಗೆ ಆ್ಯಪಿನಲ್ಲಿ ಬರೆದಿಟ್ಟಳು: 'ನಾನು ಇದನ್ನು ಎರಡರ ವೇಗದಲ್ಲಿ ಕೇಳಿದ್ದೆ. ತಪ್ಪು ಓದಿದಾಕೆಯದಲ್ಲ, ನನ್ನದು.' ಹಾಕುವ ಬಟನ್ನಿನ ಮೇಲೆ ಬೆರಳಿಟ್ಟಳು. ಹಾಕಿದರೆ ಗುಂಪಿನಲ್ಲಿರುವ ಆ ವಿಮರ್ಶೆಯನ್ನೂ ತೆಗೆಯಬೇಕಾಗುತ್ತದೆ, ಅದರ ಎರಡು ಸಾವಿರದ ಮುನ್ನೂರು ಲೈಕ್ ಹೋಗುತ್ತವೆ. ಲೈಕಿನ ಲೆಕ್ಕದಲ್ಲಿ ಎರಡನೆಯವಳಿಗೂ ಅವಳಿಗೂ ಇದ್ದದ್ದು ಎಂಟುನೂರರ ಅಂತರ. ಅದೂ ಇರಲಿ. ನೂರು ಪುಸ್ತಕವನ್ನೂ ಹೀಗೇ ಓಡಿಸಿ ಕೇಳಿದಳು ಅಂತ ನಗುವವರು ಅದೇ ಹನ್ನೆರಡು ಸಾವಿರ ಜನ. ಅವರ ನಗು ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾಳೆ ಹಾಕಿದರಾಯಿತು ಅಂದುಕೊಂಡಳು. ನಾಳೆ ಬಂತು, ನಾಡಿದ್ದು ಬಂತು. ಇಪ್ಪತ್ತೆಂಟರಂದು ಗಂಡನ ಫೋನಿನಿಂದ ಆ ಪುಸ್ತಕಕ್ಕೆ ಐದು ಸ್ಟಾರ್ ಒತ್ತಿದಳು. ನಾನ್ನೂರು ಜನರ ಒಂದೊಂದು ಸ್ಟಾರಿನ ಎದುರು ಒಬ್ಬರ ಐದು. ಮನಸ್ಸಿಗೆ ಅಷ್ಟೇ ಸಮಾಧಾನ ಸಾಕಾಯಿತು ಅಂತ ಹೇಳಬೇಕು, ಯಾಕೆಂದರೆ ಆ ದಿನ ನಿದ್ದೆ ಚೆನ್ನಾಗಿ ಬಂತು. ಮೂವತ್ತನೇ ತಾರೀಕು ಬೆಳಿಗ್ಗೆ ಬಸ್ಸಿನಲ್ಲಿ ಆ ಎರಡು ಸಾಲನ್ನು ಮತ್ತೆ ಓದಿದಳು, ಒಂದು ಅಲ್ಪವಿರಾಮ ತಿದ್ದಿದಳು, ಫೋನು ಚೀಲಕ್ಕೆ ಹಾಕಿದಳು. ಆ ದಿನ ಏನನ್ನೂ ಕೇಳಲಿಲ್ಲ. ಸಂಜೆಯಾಯಿತು.

ಮೂವತ್ತೊಂದರಂದು ವಾಣಿಶ್ರೀ ಘೋಷಿಸಿದಳು. ಒಣಮೆಣಸಿನಕಾಯಿ ಅಂದರೆ ಇವರೇ ಅಂತ ಕೋಮಲಾಳ ಹೆಸರು, ಊರು, ರೇಷ್ಮೆ ಸೀರೆಯ ಫೋಟೊ. ಕೆಳಗೆ, ವರ್ಷದಲ್ಲೇ ಅತಿ ಹೆಚ್ಚು ಮೆಚ್ಚುಗೆ ಪಡೆದದ್ದೆಂದು, ಮೆಕ್ಕೆಜೋಳದ ಮಷಿನ್ನಿನ ವಿಮರ್ಶೆ ಪೂರ್ತಿ.

ಒಂದನೇ ತಾರೀಕು ಬೆಳಿಗ್ಗೆ ಎದ್ದವಳೇ ಕೋಮಲಾ ಆ ಎರಡು ಸಾಲು ಹಾಕಿದಳು. ಹಾಕಿ ಹತ್ತು ನಿಮಿಷಕ್ಕೆ ರೇಖಾಳಿಂದ ದನಿಸಂದೇಶ ಬಂತು. ಒತ್ತಿದಳು. ವಾಟ್ಸಾಪಿನಲ್ಲೂ ಅವಳದು ಎರಡರ ವೇಗವೇ. ಮಷಿನ್ನು ಕಟಕಟನೆ ಏನೋ ಒಕ್ಕಿತು. ವೇಗವನ್ನು ಒಂದಕ್ಕೆ ತಂದು ಮೊದಲಿನಿಂದ ಹಾಕಿದಳು.

"ಕೋಮಲಿ, ಫೋಟೋ ನೋಡಿದೆ. ಚಂದ ಕಾಣ್ತಿ. ನಿನ್ನೆ ಸಂಜಿಕಿ ಕಂಪನಿಯಾಕಿ ಫೋನ್ ಮಾಡಿದ್ಲು, ಮುಂದಿನ ಪುಸ್ತಕ ಬ್ಯಾರೆಯವರಿಗೆ ಕೊಟ್ಟಾರಂತ. ಈಗ ನೀ ಬರದದ್ದೂ ಓದಿದೆ. ನಾ ಮೈಕಿನ ಮುಂದ ಕುಂತಾಗೆಲ್ಲ ನಿಧಾನಕ್ಕ ಓದಕ್ಕ ಅಂತಿದ್ಯಲ್ಲ, ಅದನ್ನ ನೆನಸಿಕೊಂಡು ಓದ್ತಿದ್ದೆ." ಇಲ್ಲಿ ನಿಂತಳು. ಮೂಗಿನಲ್ಲಿ ಸಣ್ಣಗೆ ಉಸಿರೆಳೆದಳು. ಕೋಮಲಾ ಕಾದಳು. "ಕೌದಿ ಬಿಚ್ಚಿ ಅತ್ತಿಗೆ ಹೊದಿಸೀನಿ. ಇನ್ನ ನಂಗ ಫೋನ್ ಮಾಡಬ್ಯಾಡ."

ಕೋಮಲಾ ಮಾಡಿದಳು. ಗಂಡನ ಫೋನಿನಿಂದಲೂ ಮಾಡಿದಳು. ಒಂದು ಭಾನುವಾರ ಹೂವಿನಹಡಗಲಿಯಲ್ಲಿದ್ದ ರೇಖಕ್ಕನ ಅತ್ತೆಮನೆಗೇ ಹೋದಳು. ರೇಖಾ ಬಾಗಿಲಿಗೆ ಬಂದು, "ಅತ್ತಿ ಮಲಗ್ಯಾರ," ಅಂತ ಹೇಳಿ ಬಾಗಿಲು ಹಾಕಿಕೊಂಡಳು. ವಾಪಸು ಬರುವಾಗಲೂ ಬಸ್ ಪುಕ್ಕಟೆಯೇ ಇತ್ತು.

ಆ ವರ್ಷ ಕೋಮಲಾ ಖರ್ಚು ಮಾಡಿದ್ದು ಹನ್ನೆರಡು ಸಾವಿರದ ಎಂಟುನೂರ ನಲವತ್ತೊಂಬತ್ತು ರೂಪಾಯಿ. ಓದಿ ಕೇಳಿ ಮುಗಿಸಿದ್ದು ನೂರಾ ನಾಲ್ಕು ಪುಸ್ತಕ. ಸಿಕ್ಕಿದ್ದು ಒಂದು ಗಾಜಿನ ಫಲಕ, ವಾಣಿಶ್ರೀಯ ಅಂಗಡಿಯಲ್ಲಿ ಎರಡು ಸಾವಿರದ ಪುಸ್ತಕಕ್ಕೆ ಕೂಪನ್ನು. ರೇಖಾ ಕಳೆದುಕೊಂಡದ್ದು ಕೂತಲ್ಲೇ ಮಾಡಬಹುದಾಗಿದ್ದ ಒಂದೇ ಕೆಲಸ. ಕೋಮಲಾ ಕಳೆದುಕೊಂಡದ್ದು, ಅವಳಿಗೆ ಮೊದಲ ಕತೆ ಓದಿ ಹೇಳಿದ್ದ ರೇಖಕ್ಕನನ್ನು.