ಸಮಾಧಿಗುಡ್ಡದ ಇಲಿ

ಹಿರಿಮಗ ಚಾಂಗ್‌ಸಿಕ್ ಹೋದಾಗಿನಿಂದ ಮಾಲ್ಸುನ್ ಅಜ್ಜಿಯ ಬಾಯಲ್ಲಿ ಒಂದೇ ಮಾತು: "ನನ್ನ ಮಗನ್ನ ತಿಂದೋಳು ಇವಳೇ."

ಇವಳು ಎಂದರೆ ಸೊಸೆ ಯನ್‌ಸಿಲ್. ಕಳೆದ ಸುಗ್ಗಿಹಬ್ಬದ ಮುಂಚೆ ಎಲೆಕೋಸು ಮಾರಿಕೊಂಡು ಬಾ ಎಂದು ಗಂಡನನ್ನು ಉತ್ತರದ ಗಡಿಯ ಕಡೆ ಕಳಿಸಿದ್ದಳು. ಹಬ್ಬ ಮುಗಿದ ಮೇಲೆ ಅವನಿಗೆ ಜ್ವರ, ಸೊಂಟನೋವು. ನೆಗಡಿಜ್ವರವೆಂದು ಶುಂಠಿ ಕಷಾಯ ಕುಡಿಸುತ್ತಾ ಕೂತರು. ಮೂತ್ರ ಕಟ್ಟಿತು, ಕಿಡ್ನಿ ಕೈಕೊಟ್ಟಿತು, ಅವನು ಉಳಿಯಲಿಲ್ಲ.

ಪ್ರತಿ ಹಬ್ಬಕ್ಕೆ ಮುಂಚೆ ಹಿರಿಮಗ ಮಾಡುತ್ತಿದ್ದ, ಹಿರಿಯರ ಸಮಾಧಿಯ ಹುಲ್ಲು ಕೊಯ್ಯುವ ಕೆಲಸ ಈ ಸಲ ಕಿರಿಮಗ ತೇಸಿಕ್‌ನದು. ಬೇಸಿಗೆಯಲ್ಲೇ ನರ್ಸ್ ಹೇಜು ಮನೆಗೆ ಬಂದು ಅಣ್ಣನಿಗೆ ಬಂದ ರೋಗ ತಡೆಯುವ ಚುಚ್ಚುಮದ್ದು ಅವನಿಗೆ ಹಾಕಿಸಿ ಎಂದಳು.

"ಹುಲ್ಲು ಕೊಯ್ಯೋಕೆ ಸೂಜಿ ಯಾಕಮ್ಮ? ಅದು ಗಡಿ ಕಾಯೋ ಸಿಪಾಯಿಗಳ ರೋಗ. ನಮ್ಮ ಗುಡ್ಡದಲ್ಲಿ ನಮ್ಮ ಹಿರೀಕರು ಮಲಗಿದಾರೆ. ಅವರು ಮಕ್ಕಳಿಗೆ ವಿಷ ಇಡ್ತಾರಾ?"

"ಹಿರೀಕರಲ್ಲ ಅಜ್ಜಿ, ಇಲಿ. ಬೆನ್ನ ಮೇಲೆ ಕರಿಗೆರೆ ಇರೋ ಹೊಲದ ಇಲಿ. ಅದರ ಉಚ್ಚೆ, ಹಿಕ್ಕೆ ಒಣಗಿ ಧೂಳಾಗಿ ಉಸಿರಲ್ಲಿ ಹೋದ್ರೆ ಸಾಕು."

"ನನ್ನ ಹಿರಿಮಗ ಅದನ್ನ ಗಡಿಯಿಂದಾನೇ ತಂದ. ಕಳಿಸಿದ್ದು ಇವಳು!"

ಯನ್‌ಸಿಲ್ ತಲೆ ಎತ್ತದೆ ಕಿಮ್ಚಿ ಉಪ್ಪಿನಕಾಯಿಗೆ ಮೂಲಂಗಿ ಹೆಚ್ಚುತ್ತಿದ್ದಳು. ಹೇಜು ಆ ಕಡೆ ಕೈ ತೋರಿಸಿದಳು.

"ಅಜ್ಜಿ, ಕಿಮ್ಚಿ ಎಲ್ಲರ ಮನೇಲೂ ಹಾಕ್ತಾರೆ. ಬಾಯಿಗಿಟ್ಟ ಕೂಡ್ಲೇ ಇದು ಯಾರ ಮನೇದು ಅಂತ ಹೇಳ್ತೀರಲ್ಲ?"

"ಹೇಳ್ತೀನಿ. ಅದಕ್ಕೇನೀಗ?"

"ಈ ವೈರಸ್ಸೂ ಹಾಗೇ. ರೋಗ ಒಂದೇ, ಆದ್ರೆ ಒಂದೊಂದು ಸೀಮೆ ಇಲೀಲಿ ಅದರ ವಂಶವಾಹಿ ಒಂಚೂರು ಬೇರೆ. ಆರೋಗ್ಯ ಇಲಾಖೆಯವರು ಗುಡ್ಡದ ಇಲಿಗಳನ್ನ ಹಿಡ್ಕೊಂಡು ಹೋಗಿದ್ರಲ್ಲ, ಅವುಗಳ ವೈರಸ್ಸನ್ನ ಅಣ್ಣನ ರಕ್ತದಲ್ಲಿದ್ದ ವೈರಸ್ಸಿನ ಜೊತೆ ಹೋಲಿಸಿ ನೋಡಿದ್ರು. ಗಡಿ ಇಲೀದಕ್ಕೆ ಹೊಂದಲಿಲ್ಲ. ಸಮಾಧಿಗುಡ್ಡದ ಇಲೀದಕ್ಕೆ ಹೊಂದ್ತು."

ಚಾಕುವಿನ ಸದ್ದು ನಿಂತಿತು.

ಕಳೆದ ಹಬ್ಬದ ಮುಂಚೆ ಹಿರಿಮಗ ಗುಡ್ಡದಲ್ಲಿ ಹುಲ್ಲು ಕೊಯ್ದ ದಿನ ಅಜ್ಜಿಗೆ ನೆನಪಾಯಿತು. ಅಂದು ಬೆವರಿ ಸುಸ್ತಾದ ಮಗನಿಗೆ ಅಕ್ಕಿಹೆಂಡ ಬಗ್ಗಿಸಿ ಕೊಟ್ಟು, "ಅಂಗಿ ಹುಲ್ಲ ಮೇಲೆ ಹರವು. ಅಪ್ಪನ ಸಮಾಧಿ ಪಕ್ಕ ಒಂದು ಗಳಿಗೆ ಮಲಗು ಮಗನೇ" ಎಂದವಳು ಅವಳೇ.

ಯನ್‌ಸಿಲ್ ಮೊದಲ ಸಲ ಬಾಯಿಬಿಟ್ಟಳು. "ತೇಸಿಕ್‌ಗೆ ಸೂಜಿ ಹಾಕಿಸಿ ಅತ್ತೆ. ನಾಳೆ ಬರೋ ಇನ್ನೊಬ್ಬ ಸೊಸೆ ನಿಮ್ಮ ಬಾಯಿಗೆ ಬೀಳೋದು ಬೇಡ."

ಅಜ್ಜಿ ತೇಸಿಕ್‌ನನ್ನು ಕರೆದು, ಹೇಜುವಿನ ಮುಂದೆ ಕೂರಿಸಿ ಅವನ ಅಂಗಿಯ ತೋಳು ಮಡಚಿದಳು.

ಓದುವವರೇ, ಈ ಚುಚ್ಚುಮದ್ದು ಒಂದೇ ಸಲಕ್ಕೆ ಮುಗಿಯುವುದಲ್ಲ, ಹುಲ್ಲು ಕೊಯ್ಯುವ ಕಾಲಕ್ಕೆ ಬಹಳ ಮುಂಚೆ ಶುರುಮಾಡಿ. ಹಾಕಿಸಿಕೊಂಡರೂ ಹುಲ್ಲಿನ ಮೇಲೆ ಮಲಗಬೇಡಿ, ಬಟ್ಟೆ ಹರವಬೇಡಿ, ಮನೆಗೆ ಬಂದೊಡನೆ ಸ್ನಾನ ಮಾಡಿ. ಆಮೇಲೆ ಜ್ವರ ಬಂದರೆ ಕಷಾಯ ಕಾಯಿಸುತ್ತಾ ಕೂರದೆ ಡಾಕ್ಟರ ಹತ್ತಿರ ಓಡಿ, ಹುಲ್ಲಿನಲ್ಲಿದ್ದೆ ಎಂದು ಹೇಳಿ. ಮನೆಯ ಸೊಸೆಯನ್ನು ಬೈದರೆ ಗುಡ್ಡದಲ್ಲಿ ಒಂದು ಇಲಿಯೂ ಸಾಯುವುದಿಲ್ಲ.