ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎರಡು ಬ್ರೇಕುಗಳಿರುತ್ತವೆ. ಒಂದು ಓಡಿಸುವವರ ಕಾಲ ಬಳಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲ ಬಳಿ. ಎರಡನ್ನೂ ಒಂದು ಕಬ್ಬಿಣದ ಸರಳು ಜೋಡಿಸಿರುತ್ತದೆ. ಪಕ್ಕದವರು ತಮ್ಮ ಪೆಡಲು ಒತ್ತಿದರೆ ಓಡಿಸುವವರ ಪೆಡಲೂ ಜೊತೆಗೇ ಕೆಳಗಿಳಿಯುತ್ತದೆ. ಹೊಸಬರು ಹೆದರಿಕೊಂಡು ಕಾಲನ್ನು ಹೇಗೂ ಅದರ ಆಸುಪಾಸಿನಲ್ಲೇ ಇಟ್ಟುಕೊಂಡಿರುತ್ತಾರೆ. ಕಾರು ನಿಂತಾಗ, ನಿಲ್ಲಿಸಿದ್ದು ತಾವೇ ಎಂದು ನಂಬಿಬಿಡುತ್ತಾರೆ.

ಅಂಥದೊಂದು ಸ್ಕೂಲಿನಲ್ಲಿ ಕಾರು ಕಲಿಸುವ ಟೀಚರಮ್ಮನ ಶಿಷ್ಯರು ಒಬ್ಬರ ಹಿಂದೊಬ್ಬರು ಪರೀಕ್ಷೆಯಲ್ಲಿ ಫೇಲಾಗತೊಡಗಿದಾಗ ಈ ಸರಳಿನ ನೆನಪು ಯಾರಿಗೂ ಬರಲಿಲ್ಲ. ಸ್ಕೂಲಿನ ಮಾಲೀಕ ಅವಳ ಸೋದರಮಾವ. ಪರೀಕ್ಷಕರು ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದದ್ದು ಒಂದೇ ಮಾತು: ಬ್ರೇಕು ಹಾಕುವುದು ತಡ. ಮಾವನ ಬಳಿ ಕಲಿತವರಿಗೆ ಆ ದೋಷ ಇರಲಿಲ್ಲ. ಮಾವ ಅವಳ ಪಾಠ ಕೇಳಿಸಿಕೊಂಡ. ಪಾಠ ಸರಿಯಾಗಿಯೇ ಇತ್ತು. ಅವನಿಗಿಂತ ಚೆನ್ನಾಗಿಯೇ ಹೇಳಿಕೊಡುತ್ತಿದ್ದಳು ಎಂದರೂ ತಪ್ಪಾಗಲಾರದು.

ಹಿಂದಿನ ವರ್ಷ, ಒಂದು ಶಾಲೆಯ ಮುಂದಿನ ತಿರುವಿನಲ್ಲಿ, ಸೈಕಲ್ಲಿನ ಮೇಲಿದ್ದ ಹುಡುಗಿಯೊಬ್ಬಳು ಕಾರಿಗೆ ಅಡ್ಡ ಬಂದಿದ್ದಳು. ಕಲಿಯುತ್ತಿದ್ದವನು ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡ. ಟೀಚರಮ್ಮ ಬ್ರೇಕು ಒತ್ತಿದಳು. ಸೈಕಲ್ಲಿನ ಚಕ್ರಕ್ಕೂ ಕಾರಿಗೂ ಒಂದು ಗೇಣು ಉಳಿದಿತ್ತು. ಹುಡುಗಿ ಕೈ ಬೀಸಿ ಹೊರಟುಹೋದಳು. ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದರಿಂದ ಅದನ್ನು ದೊಡ್ಡದು ಮಾಡಿ ಯಾರಿಗಾದರೂ ಹೇಳಲು ಅವಳಿಗೆ ನಾಚಿಕೆಯಾಯಿತು.

ಆಮೇಲೆ ಅವಳಿಗೆ ಬೆಳಗ್ಗೆ ಅಲಾರಂ ಬೇಕಾಗಲಿಲ್ಲ. ಮನೆ ಬಿಡುವಾಗ ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಿ, ಚಪ್ಪಲಿ ಮೆಟ್ಟಿ, ಮತ್ತೆ ಬಿಚ್ಚಿ ಒಳಗೆ ಹೋಗಿ ನೋಡುತ್ತಿದ್ದಳು. ಎದೆ ಡವಗುಟ್ಟುತ್ತದೆಂದು ಡಾಕ್ಟರ ಬಳಿಗೂ ಹೋದಳು. ಎದೆಯಲ್ಲಿ ದೋಷವೇನಿಲ್ಲ, ಆತಂಕ ಅಷ್ಟೆ ಎಂದು ಅವರು ದೀರ್ಘವಾಗಿ ಉಸಿರೆಳೆದು ನಿಧಾನವಾಗಿ ಬಿಡುವುದನ್ನು ಹೇಳಿಕೊಟ್ಟರು. ಅದನ್ನು ಕಾರಿನಲ್ಲಿ ಅಭ್ಯಾಸ ಮಾಡಿದಳು. ಪಕ್ಕದಲ್ಲಿದ್ದ ಶಿಷ್ಯ, ತನ್ನ ಡ್ರೈವಿಂಗ್ ನೋಡಲಾರದೆ ಟೀಚರಮ್ಮ ನಿಟ್ಟುಸಿರು ಬಿಡುತ್ತಿದ್ದಾರೆಂದು ಬೇಜಾರು ಮಾಡಿಕೊಂಡು ಬೇರೆ ಸ್ಕೂಲಿಗೆ ಸೇರಿದ.

ಗಂಡ ಓಡಿಸುವ ಕಾರಿನಲ್ಲಿ ಕೂತರೂ ಅವಳ ಕಾಲು ನೆಲವನ್ನು ಒತ್ತುತ್ತಲೇ ಇರುತ್ತಿತ್ತು. ಹಿಂದಿನ ಸೀಟಿನಿಂದ ಅತ್ತೆ ಇದನ್ನು ಗಮನಿಸಿ, ಸೊಸೆಗೆ ಕೇಳಿಸಲೆಂದೇ ಮಗನಿಗೆ ಹೇಳಿದರು. "ನಿನ್ನ ಹೆಂಡ್ತಿ ತಳಕ್ಕೆ ತೂತು ಮಾಡ್ತಾಳೆ ನೋಡು. ಆಮೇಲೆ ನಾವೆಲ್ಲ ಕಾಲಲ್ಲೇ ತಳ್ಕೊಂಡು ಹೋಗ್ಬೇಕು."

ಆಗ ಅವಳ ಬಳಿ ಕಲಿಯುತ್ತಿದ್ದವಳು ಬೇಕರಿಯಾಕೆ. ಐವತ್ತು ದಾಟಿದ ಹೆಂಗಸು. ಅಂಗಡಿಗಳಿಗೆ ಬ್ರೆಡ್ಡು ಹಂಚುವ ವ್ಯಾನನ್ನು ಗಂಡ ಓಡಿಸುತ್ತಿದ್ದ. ಅವನ ಕಣ್ಣಿಗೆ ಪೊರೆ ಬಂದ ಮೇಲೆ ವ್ಯಾನು ತನ್ನ ಪಾಲಿಗೆ ಬಂತೆಂದು ಕಲಿಯಲು ಸೇರಿದ್ದಳು. ಎರಡನೆಯ ಸಲ ಫೇಲಾದ ದಿನ ಸ್ಕೂಲಿನ ಆಫೀಸಿಗೆ ಬಂದು ಕುರ್ಚಿಯಲ್ಲಿ ದೊಪ್ಪನೆ ಕೂತಳು. ಟೀಚರಮ್ಮ ಪಕ್ಕದಲ್ಲಿದ್ದರೆ ಗಾಡಿ ಹಸುವಿನ ಹಾಗೆ ತಾನೇ ನಿಲ್ಲುತ್ತದೆ, ಆ ಪರೀಕ್ಷಕ ಕೂತರೆ ನಿಲ್ಲುವುದೇ ಇಲ್ಲ, ಗಾಡಿಗೂ ಮುಖ ನೋಡಿ ಮಣೆ ಹಾಕುವ ಬುದ್ಧಿ ಬಂದಿದೆ ಎಂದು ದೂರಿದಳು.

ಟೀಚರಮ್ಮ ಆಗ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮಾವ ಟೀಚರಮ್ಮನನ್ನು ನೋಡಿದ.

ಮರುದಿನ ಅವಳು ಬರುವಷ್ಟರಲ್ಲಿ ಮಾವ ಪಕ್ಕದ ಸೀಟಿನ ಬ್ರೇಕಿಗೆ ಒಂದು ಸಣ್ಣ ಬಜ಼ರ್ ಹಾಕಿಸಿದ್ದ. ಪೆಡಲನ್ನು ಸ್ವಲ್ಪ ಮುಟ್ಟಿದರೂ ಅದು ಕೀಂ ಎನ್ನುತ್ತಿತ್ತು. ಅವನು ಬೈಯಲಿಲ್ಲ. ಬೇಕರಿಯಾಕೆಗೆ ಇನ್ನೊಂದು ಪರೀಕ್ಷೆ ಇದೆ, ಅದರಲ್ಲೂ ಹೀಗೇ ಆದರೆ ನೀನು ಕಾರು ಬಿಟ್ಟು ಆಫೀಸಿನಲ್ಲಿ ಫೋನು ನೋಡಿಕೋ ಎಂದಷ್ಟೇ ಹೇಳಿದ. ಆಮೇಲೆ, ಹೇಳಲೋ ಬೇಡವೋ ಎಂಬಂತೆ ಬಾಗಿಲ ಬಳಿ ನಿಂತು, "ನಿನ್ನ ಕಾಲು ಪಾಠ ಮಾಡೋದು ಬಿಟ್ಟು ಪರೀಕ್ಷೆ ಬರೀತಾ ಇದೆ ಕಣಮ್ಮಾ" ಎಂದ.

ಟೀಚರಮ್ಮನಿಗೆ ಆಫೀಸಿನ ಕುರ್ಚಿ ಬೇಡವಾಗಿತ್ತು. ಕಲಿಸುವುದು ಬಿಟ್ಟರೆ ತನಗೆ ಬರುವುದು ಬೇರೇನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅಥವಾ ಹಾಗೆಂದುಕೊಂಡಿದ್ದಳು.

ಅವತ್ತು ಕಾರು ಮೊದಲ ತಿರುವು ದಾಟುವುದರೊಳಗೆ ಬಜ಼ರ್ ಕೂಗಿತು. ಎರಡನೆಯ ತಿರುವಿನಲ್ಲಿ ಮತ್ತೆ ಕೂಗಿತು. ನಿಂತಿದ್ದ ಲಾರಿ ಕಂಡಾಗ, ಒಂದು ನಾಯಿ ಕಂಡಾಗ, ಕೊನೆಗೆ ಏನೂ ಕಾಣದಿದ್ದಾಗಲೂ ಕೂಗಿತು. ಗಾಡಿಯಲ್ಲಿ ಏನೋ ಕೆಟ್ಟಿದೆ, ಗ್ಯಾರೇಜಿಗೆ ಬಿಡೋಣ ಎಂದಳು ಬೇಕರಿಯಾಕೆ. ಟೀಚರಮ್ಮ ಕಾರನ್ನು ರಸ್ತೆಯ ಅಂಚಿಗೆ ಹಾಕಿಸಿ, ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಹೇಳಿದಳು.

ಬೇಕರಿಯಾಕೆ ಬಗ್ಗಿ ಆ ಪೆಡಲನ್ನೂ ತನ್ನ ಪೆಡಲನ್ನೂ ಸರಳನ್ನೂ ನೋಡಿದಳು.

"ಅಂದ್ರೆ ಇಷ್ಟು ದಿನ ಬ್ರೇಕ್ ಹಾಕ್ತಿದ್ದೋರು ನೀವು."

"ಹೌದು."

"ನಾನು ಮನೇಲಿ ಕೊಚ್ಚಿಕೊಂಡಿದ್ದೀನಲ್ರೀ, ಬೇರೆ ಏನೂ ಬರದಿದ್ರೂ ಬ್ರೇಕ್ ಮಾತ್ರ ನನ್ ಕೈಲಿದೆ ಅಂತ."

ಟೀಚರಮ್ಮ ಕ್ಷಮೆ ಕೇಳಿದಳು. ಬೇಕರಿಯಾಕೆ ಕ್ಷಮೆಯನ್ನು ಬ್ರೆಡ್ಡಿಗೆ ಸವರಿ ತಿನ್ನಲಿಕ್ಕಾಗುವುದಿಲ್ಲ ಎಂದಳು. ಆಮೇಲೆ ಟೀಚರಮ್ಮ ಸೈಕಲ್ಲಿನ ಹುಡುಗಿಯ ವಿಷಯ ಹೇಳಿದಳು. ಬೇರೆಯವರ ಸಂಗತಿಯನ್ನು ಹೇಳುವವಳಂತೆ, ಸಣ್ಣದು ಮಾಡಿ ಹೇಳಿದಳು. ಬೇಕರಿಯಾಕೆ ಅಯ್ಯೋ ಪಾಪ ಎನ್ನಲಿಲ್ಲ. ಹೆದರಿಕೆಯಾದರೆ ಕಾಲಲ್ಲಿ ಹೇಳಬೇಡಿ, ಬಾಯಲ್ಲಿ ಹೇಳಿ ಎಂದು ಇಂಜಿನ್ ಶುರು ಮಾಡಿದಳು.

ಟೀಚರಮ್ಮ ಚಪ್ಪಲಿ ಬಿಚ್ಚಿ ಕಾಲುಗಳನ್ನು ಸೀಟಿನ ಕೆಳಕ್ಕೆ ಮಡಚಿಕೊಂಡಳು. ಹೆದರಿಕೆಯಾದಾಗಲೆಲ್ಲ "ಭಯ" ಎಂದಳು. ಬಜ಼ರ್ ಸುಮ್ಮನಾಯಿತು. ಎರಡು ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಮೂರನೆಯ ದಿನ, "ಭಯ" ಎಂದ ತಕ್ಷಣ ಬೇಕರಿಯಾಕೆ ಬ್ರೇಕು ಒತ್ತುತ್ತಿದ್ದಾಳೆ, ಅನ್ನದಿದ್ದರೆ ಒತ್ತುತ್ತಿಲ್ಲ ಎಂಬುದು ಗೊತ್ತಾಯಿತು. ಕಾಲಿನ ಕೆಲಸ ಬಾಯಿಗೆ ಬಂದಿತ್ತು, ಅಷ್ಟೆ. ಅದನ್ನು ಒಪ್ಪಿಕೊಳ್ಳಲು ಟೀಚರಮ್ಮನಿಗೆ ಕಷ್ಟವಾಯಿತು, ಏಕೆಂದರೆ ಆ ಎರಡು ದಿನ ಅವಳು ಚೆನ್ನಾಗಿ ನಿದ್ದೆ ಮಾಡಿದ್ದಳು.

ಹಾಗಾಗಿ ಕಾರು ನಿಂತ ಮೇಲೆಯೇ ಹೇಳುವುದು ಎಂದಾಯಿತು. ಒಂದು ಸುತ್ತು ಹೋಗಿ ಬಂದು, ಮೈದಾನದ ಗೋಡೆಯ ಪಕ್ಕ ಕಾರು ನಿಲ್ಲಿಸಿ, ಎಲ್ಲೆಲ್ಲಿ ಹೆದರಿಕೆಯಾಯಿತು ಎಂದು ಇಬ್ಬರೂ ಹೇಳಬೇಕು. ಟೀಚರಮ್ಮ ನಿಂತಿದ್ದ ಲಾರಿ, ಬಾಗಿಲು ತೆರೆದಿದ್ದ ಮನೆ, ಚೆಂಡು ಹಿಡಿದಿದ್ದ ಮಗು ಎಂದಳು. ಬೇಕರಿಯಾಕೆಗೆ ಇವುಗಳಲ್ಲಿ ಯಾವುದೂ ಹೆದರಿಕೆ ಹುಟ್ಟಿಸಿರಲಿಲ್ಲ. ಆದರೆ ಮೂರನ್ನೂ ಅವಳು ನೋಡಿದ್ದಳು. ಮಗುವಿನ ಅಂಗಿಯ ಬಣ್ಣವನ್ನೂ ಹೇಳಿದಳು. ಅವಳಿಗೆ ಹೆದರಿಕೆ ಹಿಂದಿನಿಂದ ಹಾರನ್ ಹೊಡೆಯುವವರದು.

"ಹಾರನ್ ಹೊಡೆದ್ರೆ ಏನಾಗುತ್ತೆ?" ಎಂದು ಟೀಚರಮ್ಮ ಕೇಳಿದಳು. ನಿಜವಾಗಿಯೂ ತಿಳಿಯದೆ ಕೇಳಿದ್ದು.

"ಚೆಂಡು ಹಿಡ್ಕೊಂಡ್ರೆ ಏನಾಗುತ್ತೆ?" ಎಂದಳು ಬೇಕರಿಯಾಕೆ.

ಇಬ್ಬರೂ ನಕ್ಕರು. ಟೀಚರಮ್ಮನ ಭಯ ಇದರಿಂದ ಹೋಯಿತೆಂದರೆ ಸುಳ್ಳಾಗುತ್ತದೆ. ಕಾಲುಗಳು ಸೀಟಿನ ಕೆಳಗೆ ಮರಗಟ್ಟುತ್ತಿದ್ದವು. ಆದರೆ ಗೋಡೆಯ ಪಕ್ಕ ನಿಲ್ಲುವವರೆಗೆ ಭಯವನ್ನು ಹಾಗೆಯೇ ಇಟ್ಟುಕೊಂಡಿರಲು ಸಾಧ್ಯ ಎಂಬುದು ಅವಳಿಗೆ ತಿಳಿಯಿತು. ಬೇಕರಿಯಾಕೆಯ ಬ್ರೇಕು ಮೊದಮೊದಲು ಜೋರಾಯಿತು, ತಲೆ ಮುಂದಕ್ಕೆ ವಾಲುವಷ್ಟು. ಆಮೇಲೆ ಹದಕ್ಕೆ ಬಂತು.

ಪರೀಕ್ಷೆಯ ದಿನ ಪರೀಕ್ಷಕರು ಟೀಚರಮ್ಮನ ಜಾಗದಲ್ಲಿ ಕೂತರು. ಕಲಿಸಿದವರು ಬೇಕಾದರೆ ಹಿಂದೆ ಕೂರಬಹುದಿತ್ತು. ಟೀಚರಮ್ಮ ಯಾವತ್ತೂ ಹಾಗೆ ಕೂತವಳಲ್ಲ, ಹೊರಗಿನ ಬೆಂಚಿನ ಮೇಲೆಯೇ ಕಾಯುತ್ತಿದ್ದಳು. ಈ ಸಲ ಬೇಕರಿಯಾಕೆ ಹಿಂದಿನ ಬಾಗಿಲು ತೆರೆದು ಹಿಡಿದು ನಿಂತಳು. ಪರೀಕ್ಷಕರು ಬಜ಼ರಿನ ಬಗ್ಗೆ ಕೇಳಿ ತಿಳಿದುಕೊಂಡು, ಒಳ್ಳೆಯದೇ ಆಯಿತು, ನಾನು ಬ್ರೇಕು ಮುಟ್ಟಿದರೆ ಎಲ್ಲರಿಗೂ ಕೇಳಿಸುತ್ತದೆ ಎಂದರು. ಅದು ಕೂಗಿದರೆ ಫೇಲು ಎಂದು ಅರ್ಥ.

ಹಿಂದಿನ ಸೀಟಿನಲ್ಲಿ ಪೆಡಲು ಇರಲಿಲ್ಲ. ಟೀಚರಮ್ಮನ ಮುಂದೆ ಇದ್ದದ್ದು ಪರೀಕ್ಷಕರ ಬೆನ್ನು, ಕೆಳಗೆ ರಬ್ಬರಿನ ಮ್ಯಾಟು. ಕಾರು ಮಾರುಕಟ್ಟೆಯ ರಸ್ತೆ ದಾಟಿತು. ಹಿಂದಿನಿಂದ ಯಾರೋ ಹಾರನ್ ಹೊಡೆದರು. ಬೇಕರಿಯಾಕೆಯ ಭುಜಗಳು ಮೇಲೇರಿದವು. ಕಾರಿನ ವೇಗ ಮಾತ್ರ ಬದಲಾಗಲಿಲ್ಲ. ಆಸ್ಪತ್ರೆಯ ಗೋಡೆ ಮುಗಿಯುವಲ್ಲಿ ಒಂದು ಟ್ಯಾಕ್ಸಿ ನಿಂತಿತ್ತು. ಟೀಚರಮ್ಮ ಅದನ್ನೇ ನೋಡುತ್ತಿದ್ದಳು, ಅದರ ಬಾಗಿಲು ತೆರೆಯಬಹುದೆಂದು. ಬಾಗಿಲು ತೆರೆಯಲಿಲ್ಲ. ಟ್ಯಾಕ್ಸಿಯ ಮುಂದಿನಿಂದ ಗಾಲಿಕುರ್ಚಿಯೊಂದನ್ನು ತಳ್ಳಿಕೊಂಡು ಒಬ್ಬ ಮುದುಕ ರಸ್ತೆಗಿಳಿದ.

ಟೀಚರಮ್ಮನ ಕಾಲು ಮ್ಯಾಟನ್ನು ಬಲವಾಗಿ ಒತ್ತಿತು. ಅಷ್ಟರಲ್ಲಿ ಕಾರು ನಿಧಾನವಾಗಿಬಿಟ್ಟಿತ್ತು. ಅವಳ ಕಾಲಿಗಿಂತ ಮೊದಲೇ ಆಗಿತ್ತು ಅದು. ಕಾರು ನಿಂತಿತು. ಮುದುಕ ರಸ್ತೆ ದಾಟಿದ. ಬಜ಼ರ್ ಕೂಗಲಿಲ್ಲ.

ಫಲಿತಾಂಶ ಹೇಳುವಾಗ ಪರೀಕ್ಷಕರು, ಬ್ರೇಕು ಸ್ವಲ್ಪ ಬೇಗ ಹಾಕುತ್ತೀರಿ, ಆದರೂ ಪಾಸು ಎಂದರು. ಬೇಕರಿಯಾಕೆ ಕಾರಿನಿಂದಿಳಿದು ಹಿಂದಿನ ಕಿಟಕಿಗೆ ಬಗ್ಗಿದಳು. "ಆ ಟ್ಯಾಕ್ಸಿ ಹತ್ರ ಎಷ್ಟು ಹೆದರಿಕೆ ಆಯ್ತು ಟೀಚರಮ್ಮಾ?" ಟೀಚರಮ್ಮ ತುಂಬಾ ಎಂದಳು. ತನಗೂ ತುಂಬಾ ಎಂದಳು ಬೇಕರಿಯಾಕೆ.

ಸಂಜೆ ಮಾವ ಬಜ಼ರ್ ಕಿತ್ತುಹಾಕಿಸಲೇ ಎಂದು ಕೇಳಿದ. ಟೀಚರಮ್ಮ ಬೇಡ ಎಂದಳು. ಮರುದಿನ ಹೊಸದಾಗಿ ಸೇರಿದ ಮೇಷ್ಟ್ರೊಬ್ಬರು ಸೀಟು ಸರಿಪಡಿಸಿಕೊಳ್ಳುತ್ತಾ, ಪಕ್ಕದ ಬ್ರೇಕಿಗೆ ಈ ಸಣ್ಣ ಡಬ್ಬಿ ಯಾಕೆ ಎಂದರು.

"ಅದು ಕೂಗಿದ್ರೆ ಭಯ ನಂದು ಅಂತ ತಿಳ್ಕೊಳ್ಳಿ ಸರ್. ನೀವು ನೋಡ್ಕೊಂಡು ಓಡಿಸಿ."

ಮೇಷ್ಟ್ರು ತಲೆಯಾಡಿಸಿದರು. ಟೀಚರಮ್ಮ ಚಪ್ಪಲಿ ಬಿಚ್ಚಿದಳು. ಕಾರು ಹೊರಟು, ಸ್ಕೂಲಿನ ಗೇಟು ದಾಟುವಷ್ಟರಲ್ಲಿ ಬಜ಼ರ್ ಒಂದು ಸಲ ಕೂಗಿತು.