ಎರಡನೇ ಬ್ರೇಕು

ಸೋದರತ್ತೆಯ ಚಪ್ಪಲಿಗಳನ್ನು ಎತ್ತಿಕೊಂಡು ಮಗಳು ನೀರಿನ ಡ್ರಮ್ಮಿನ ಹಿಂದೆ ತುರುಕಿದಳು. ಹೊರಗಿನ ಕೋಣೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಬಂದವರೆಲ್ಲ ಒಳಗೆ ಕಾಲಿಡುವಾಗ ದನಿ ತಗ್ಗಿಸಿ, ಅಂಗಳಕ್ಕೆ ಇಳಿಯುವಾಗ ಏರಿಸುತ್ತಿದ್ದರು. ತಂದೆಯ ಹೆಣ ಮನೆಯಲ್ಲಿರುವಾಗ ಮಗಳಾದವಳು ಅಳಬೇಕು. ಇವಳು ಚಪ್ಪಲಿ ಕದಿಯುತ್ತಿದ್ದಳು.

“ಏನೇ ಮಾಡ್ತಿದ್ದೀಯ?” ಎಂದಳು ಪಕ್ಕದ ಮನೆಯ ನರ್ಸಮ್ಮ.

“ಅತ್ತೆ ಇವತ್ತು ಹೊರಗೆ ಹೋಗಬಾರ್ದು. ನಾವು ಸ್ಮಶಾನದಿಂದ ಬರೋವರೆಗೂ ಅವರ ಜೊತೆ ಕೂತಿರ್ತೀರಾ?”

“ಎಂಬತ್ತು ದಾಟಿದೆ. ತಮ್ಮನ ಹೆಣ ಎತ್ತೋ ದಿನ ಎಲ್ಲಿಗೆ ಹೋಗ್ತಾರಮ್ಮ?”

“ಬ್ರೆಡ್ ತರೋಕೆ.”

ನರ್ಸಮ್ಮ ನಗಲು ಹೋಗಿ, ಹೆಣದ ನೆನಪಾಗಿ ಕೆಮ್ಮಿದಳು.

ಅತ್ತೆ ದಿನವೂ ಬೆಳಿಗ್ಗೆ ಗಲ್ಲಿಯ ಕೊನೆಯವರೆಗೆ ನಡೆದು, ದೊಡ್ಡ ರಸ್ತೆ ದಾಟಿ, ಎದುರಿನ ಬೇಕರಿಯಿಂದ ತಮ್ಮನಿಗೆ ಬ್ರೆಡ್ ತರುತ್ತಿದ್ದಳು. ದಾಟುವಾಗ ಎಡಕ್ಕೂ ನೋಡುತ್ತಿರಲಿಲ್ಲ, ಬಲಕ್ಕೂ ನೋಡುತ್ತಿರಲಿಲ್ಲ. ಕಿವಿ ಮಂದವಾಗಿತ್ತು, ಕಣ್ಣು ಚೆನ್ನಾಗಿತ್ತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳೇ ಒಳ್ಳೆಯ ಗಾಜು ಹಾಕಿಸಿ ಕೊಟ್ಟಿದ್ದಳು. ಗಾಜು ಹಾಕಿಸಬಹುದು, ನೋಡು ಅಂತ ಕತ್ತು ತಿರುಗಿಸುವುದಕ್ಕೆ ಆಗುತ್ತದೆಯೇ?

ಅಂಗಳದಲ್ಲಿ ಅಪ್ಪನ ಶಿಷ್ಯರು ತುಂಬಿದ್ದರು. ಊರಿಗೆಲ್ಲ ಕಾರು ಕಲಿಸಿದ ಡ್ರೈವಿಂಗ್ ಮೇಷ್ಟ್ರು ಅವನು. ಮಗಳಿಗೆ ಮಾತ್ರ ಕಲಿಸಿರಲಿಲ್ಲ. ಮನೆಯವರಿಗೆ ಬೈಯುತ್ತ ಕಲಿಸಬೇಕಾಗುತ್ತದೆ, ಅದು ನನ್ನ ಪದ್ಧತಿ ಅಲ್ಲ ಎಂದಿದ್ದ. ಹೆಣದ ವ್ಯಾನು ತಂದವನೂ ಶಿಷ್ಯನೇ. ಕಲಿಯುವಾಗ ಮೂರನೇ ಗೇರಿಗೆ ಹೋಗಲು ಎದೆ ಹೊಡೆದುಕೊಳ್ಳುತ್ತಿದ್ದದ್ದರಿಂದ ಅವನಿಗೆ ‘ಸೆಕೆಂಡ್ ಗೇರ್’ ಎಂದು ಹೆಸರು ಬಿದ್ದು, ಕೊನೆಗೆ ಆ ಹೆಸರಿಗೆ ತಕ್ಕ ಉದ್ಯೋಗವೇ ಸಿಕ್ಕಿತ್ತು.

“ಮೇಷ್ಟ್ರ ಅಕ್ಕನ ಪಾಠ ನೆನಪಿದ್ಯೇನೋ?” ಎಂದು ಅವನನ್ನು ಕೇಳಿದ ಇನ್ನೊಬ್ಬ ಶಿಷ್ಯ, ಹಲ್ಲಿನ ಡಾಕ್ಟರ್.

“ಮರೆಯೋಕಾಗುತ್ತಾ? ಗಲ್ಲಿ ಪೂರ್ತಿ ಆಯಮ್ಮನ ಹಿಂದೆ ಆಮೆ ಥರ. ನನ್ನ ಕೈ ಹಾರ್ನ್ ಮೇಲೆ ಹೋಯ್ತು ನೋಡಿ, ಮೇಷ್ಟ್ರು ಪಟ್ ಅಂತ ಹೊಡೆದ್ರು. ‘ಹಾರ್ನ್ ಹೊಡೆದ್ರೆ ವಯಸ್ಸಾದವರು ಬೆಚ್ಚಿ ಹಿಂದಕ್ಕೆ ಹೆಜ್ಜೆ ಇಡ್ತಾರೆ. ಅಷ್ಟೊತ್ತಿಗೆ ನೀನು ಅಲ್ಲೇ ಬಂದಿರ್ತೀಯ.’”

“ನಾನು ಪಾಪ ಮರ್ಯಾದೆಗೆ ಅಂತ ‘ದಾಟಿ ಅಮ್ಮಾ’ ಅಂತ ಕೈ ಬೀಸಿದೆ. ಅದೂ ತಪ್ಪಾಯ್ತು. ‘ನಿನ್ನ ಕೈ ನಂಬಿ ಹೊರಟವರಿಗೆ ಆಚೆ ಕಡೆ ಲಾರಿ ಕಾಣಲ್ಲಪ್ಪ’ ಅಂದ್ರು.”

“ಎರಡೂ ಕಾಲು ಆಚೆ ಕಟ್ಟೆ ಹತ್ತೋವರೆಗೂ ಗಾಡಿ ಮುಂದಕ್ಕೆ ತೆವಳಬಾರ್ದು.”

“ಹಿಂದಿಕ್ಕಬಾರ್ದು!” ಎಂದು ಇಬ್ಬರು ಮೂವರು ಒಟ್ಟಿಗೆ ಹೇಳಿ, ಶಾಲೆಯ ಮಕ್ಕಳ ಹಾಗೆ ನಕ್ಕರು.

ಮಗಳಿಗೆ ನಗು ಬರಲಿಲ್ಲ. ಗಲ್ಲಿಯುದ್ದಕ್ಕೂ ಕಾರುಗಳು ಸಾಲುಗಟ್ಟಿದ್ದವು. ಅತ್ತೆಯನ್ನು ಕಂಡರೆ ನಿಲ್ಲುವ ಕಾರುಗಳೆಲ್ಲ ಇಲ್ಲೇ ನಿಂತಿದ್ದರೆ, ಈಗ ದೊಡ್ಡ ರಸ್ತೆಯಲ್ಲಿ ಓಡಾಡುತ್ತಿರುವವು ಯಾರವು?

*

ಮೊದಲು ಅತ್ತೆಯೂ ಎಲ್ಲರಂತೆ ಅಂಜುತ್ತ, ಎರಡೂ ಕಡೆ ನೋಡಿಯೇ ದಾಟುತ್ತಿದ್ದವಳು. ಆದರೆ ವರ್ಷಗಟ್ಟಲೆ, ತಾನು ಕಾಲು ಇಳಿಸಿದಾಗಲೆಲ್ಲ ಕಾರುಗಳು ಮೆಲ್ಲಗೆ ದೂರದಲ್ಲೇ ನಿಂತುಬಿಟ್ಟರೆ ಯಾರಿಗಾದರೂ ಕತ್ತು ತಿರುಗಿಸುವ ಕಷ್ಟ ಯಾಕೆ? “ಈಗಿನ ಡ್ರೈವರ್‌ಗಳು ಎಷ್ಟು ಒಳ್ಳೆಯವರು!” ಎಂದು ಮನೆಗೆ ಬಂದು ಹೇಳುತ್ತಿದ್ದಳು. ಅವರೆಲ್ಲ ತಮ್ಮನ ಶಿಷ್ಯರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಅಪ್ಪ, ಅತ್ತೆಗೆ ಸ್ವಲ್ಪ ನೋಡ್ಕೊಂಡು ದಾಟೋಕೆ ಹೇಳಿ,” ಎಂದು ಮಗಳು ಒಮ್ಮೆ ಅಂದಿದ್ದಳು.

“ಅಕ್ಕನಿಗೆ ಯಾಕೆ ಹೇಳ್ಬೇಕು? ಊರಿಗೆಲ್ಲ ಹೇಳಿಕೊಟ್ಟಿದ್ದೀನಲ್ಲ.”

ಆಮೇಲೆ ಊರಾಚೆ ಕಲ್ಲುಕ್ವಾರಿ ಶುರುವಾಯಿತು. ಮೇಷ್ಟ್ರು ಯಾರೆಂದೇ ಗೊತ್ತಿಲ್ಲದ ಲಾರಿಗಳು ದೊಡ್ಡ ರಸ್ತೆಗೆ ಬಂದವು. ಅಪ್ಪನ ನಗು ನಿಂತಿತು. ಆಗ ಅಕ್ಕನಿಗೆ ಬುದ್ಧಿ ಹೇಳಹೋದರೆ, “ಹೋಗೋ, ನಿನ್ನ ಎತ್ತಿ ಆಡಿಸಿದವಳು ನಾನು” ಎಂದಳು. ಅವನು ಹೊಸ ಪಾಠವೊಂದನ್ನು ಹುಟ್ಟಿಸಿದ. ದಿನಾ ಬೆಳಿಗ್ಗೆ ಯಾರಾದರೊಬ್ಬ ಶಿಷ್ಯ ಕಲಿಕೆಯ ಕಾರನ್ನು ದೊಡ್ಡ ರಸ್ತೆಗೆ ಅರ್ಧ ಅಡ್ಡ ಹಾಕಿ ನಿಲ್ಲಿಸಬೇಕು. ಪಕ್ಕದ ಸೀಟಿನಲ್ಲಿ ಮೇಷ್ಟ್ರು, ಆ ಸೀಟಿನ ಎದುರಿಗೆ ಕಲಿಸುವವನಿಗೆಂದೇ ಇರುವ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು ಕೂರಬೇಕು. ಅಕ್ಕ ಹೋಗಿ ಬರುವವರೆಗೆ ಬಂದ ಲಾರಿಗಳೆಲ್ಲ ಬೈಯುತ್ತ ಕಾಯಬೇಕು.

ನಿನ್ನೆಯ ಶಿಷ್ಯ ಟೈಲರ್. ಐವತ್ತು ದಾಟಿದ ಆಸಾಮಿ. ಪರೀಕ್ಷೆ ಪಾಸಾಗಿದ್ದರೂ ಧೈರ್ಯ ಸಾಲದೆ ಪಾಠಕ್ಕೆ ಬರುತ್ತಲೇ ಇದ್ದವನು.

“ಅಕ್ಕಾವ್ರು ಹೋದ್ರು, ಬ್ರೆಡ್ ತಗೊಂಡು ವಾಪಸ್ಸೂ ಬಂದ್ರು,” ಎಂದು ಅವನು ಬೆಳಿಗ್ಗೆಯಿಂದ ಬಂದವರಿಗೆಲ್ಲ ಒಪ್ಪಿಸುತ್ತಿದ್ದ. “ನಾನು ‘ಹೊರಡೋಣ್ವಾ ಮೇಷ್ಟ್ರೇ’ ಅಂದೆ. ಮಾತಿಲ್ಲ. ಆಕ್ಸಿಲರೇಟರ್ ಒತ್ತಿದೆ, ಗಾಡಿ ಕದಲ್ಲಿಲ್ಲ. ಏನೋ ತಪ್ಪು ಮಾಡಿದೆ, ಅದಕ್ಕೇ ಬ್ರೇಕ್ ಹಿಡ್ಕೊಂಡಿದ್ದಾರೆ ಅಂದ್ಕೊಂಡು ‘ಸಾರಿ ಮೇಷ್ಟ್ರೇ’ ಅಂದೆ. ಮೂರು ಸಲ ಸಾರಿ ಕೇಳಿದೀನಿ ಕಣ್ರೀ, ಸತ್ತವರಿಗೆ!”

*

ಮೆರವಣಿಗೆ ಹೊರಟಿತು. ಮುಂದೆ ಹೆಣದ ವ್ಯಾನು, ಹಿಂದೆ ಕಲಿಕೆಯ ಕಾರು, ಅದರ ಹಿಂದೆ ಶಿಷ್ಯರ ಕಾರುಗಳು. ಉಳಿದವರಿಗೆಲ್ಲ ಸ್ವಂತ ಕಾರು ಇದ್ದುದರಿಂದ ಕಲಿಕೆಯ ಕಾರು ಟೈಲರನ ಪಾಲಿಗೆ ಬಂದಿತ್ತು. ಮಗಳು ಅಪ್ಪನ ಸೀಟಿನಲ್ಲಿ ಕೂತಳು. ಕಾಲ ಬುಡದಲ್ಲಿ ಎರಡನೇ ಬ್ರೇಕು. ಅದರ ರಬ್ಬರು ಸವೆದು ಕಬ್ಬಿಣ ಹೊಳೆಯುತ್ತಿತ್ತು.

ಗಲ್ಲಿಯ ನಡುವೆ ವ್ಯಾನು ತೆವಳತೊಡಗಿತು.

“ಯಾಕೆ ಇಷ್ಟು ನಿಧಾನ?”

“ಸೆಕೆಂಡ್ ಗೇರ್ ಅಲ್ವಾಮ್ಮ,” ಎಂದ ಟೈಲರ್. “ಇವತ್ತು ಫಸ್ಟಿಗೂ ಇಳಿದಿರಬೇಕು.”

ಎತ್ತರದ ವ್ಯಾನು ಮುಂದಿನದನ್ನೆಲ್ಲ ಮರೆಮಾಡಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನರ್ಸಮ್ಮ.

“ನಿಮ್ಮಪ್ಪನ್ನ ವ್ಯಾನಿಗೆ ಹತ್ತಿಸುವಾಗ ನಾನು ಟೀ ಮಾಡೋಕೆ ಒಳಗೆ ಹೋದೆ ಕಣೇ. ‘ಬಂದವರಿಗೆ ಟೀ ಜೊತೆ ಬ್ರೆಡ್ ಬೇಡ್ವಾ’ ಅಂತಿದ್ರು ನಿಮ್ಮತ್ತೆ, ಏನೋ ಅಂತ ಸುಮ್ನಿದ್ದೆ. ಈಗ ನೋಡಿದ್ರೆ ಇಲ್ಲ. ನಿಮ್ಮಪ್ಪನ ಚಪ್ಪಲಿನೂ ಇಲ್ಲ.”

ಗಲ್ಲಿ ತಿರುಗಿ ಅಗಲವಾಯಿತು. ವ್ಯಾನಿನ ಮಗ್ಗುಲಿನಿಂದ ಕಂಡಿತು: ಮೆರವಣಿಗೆಯ ಮುಂದೆ, ರಸ್ತೆಯ ನಟ್ಟನಡುವೆ, ಕೈಚೀಲ ಹಿಡಿದು, ಸತ್ತ ತಮ್ಮನ ದೊಡ್ಡ ಚಪ್ಪಲಿಗಳನ್ನು ಎಳೆಯುತ್ತ ಅತ್ತೆ ನಡೆಯುತ್ತಿದ್ದಳು. ಸೆಕೆಂಡ್ ಗೇರ್ ದೂರ ಬಿಟ್ಟು ಹಿಂಬಾಲಿಸುತ್ತಿದ್ದ. ಯಾರೂ ಹಾರ್ನ್ ಹೊಡೆಯಲಿಲ್ಲ. ಯಾರೂ ಹಿಂದಿಕ್ಕಲಿಲ್ಲ. ಪಾಠ ಒಪ್ಪಿಸುವುದರಲ್ಲಿ ಅಂದು ಒಬ್ಬನೂ ತಪ್ಪಲಿಲ್ಲ. ಊರಿನ ಒಳ್ಳೆಯ ಡ್ರೈವರ್‌ಗಳೆಲ್ಲ ಅವಳ ಬೆನ್ನ ಹಿಂದಿದ್ದರು.

ಎದುರಿಗೆ ದೊಡ್ಡ ರಸ್ತೆ. ಅದರ ಇಳಿಜಾರಿನಲ್ಲಿ ಕಲ್ಲು ತುಂಬಿದ ಲಾರಿಯೊಂದು ಧೂಳೆಬ್ಬಿಸಿಕೊಂಡು ಬರುತ್ತಿತ್ತು.

“ಮುಂದೆ ತಗೊಳ್ಳಿ! ವ್ಯಾನ್ ದಾಟಿ ಲಾರಿಗೆ ಅಡ್ಡ ಹಾಕಿ!”

“ಹಿಂದಿಕ್ಕಬಾರ್ದು ಅಂತ ಮೇಷ್ಟ್ರು...”

“ಹೋಗ್ರೀ!”

ಇಂಜಿನ್ನು ಅರಚಿತು. ಕಾರು ಮುಗ್ಗರಿಸಿ ನಿಂತಲ್ಲೇ ನಿಂತಿತು.

“ಹೋಗ್ತಿಲ್ಲಮ್ಮ! ನಿಮ್ಮ ಕಾಲು! ಕಾಲು ತೆಗೀರಿ!”

ಬಗ್ಗಿ ನೋಡಿದಳು. ಅವಳ ಕಾಲು ಎರಡನೇ ಬ್ರೇಕನ್ನು ನೆಲಕ್ಕೆ ಅದುಮಿ ಹಿಡಿದಿತ್ತು. ಅತ್ತೆ ದೊಡ್ಡ ರಸ್ತೆಗೆ ಒಂದು ಕಾಲು ಇಳಿಸಿದ್ದಳು. ಮಗಳು ಎರಡೂ ಕೈಯಿಂದ ತನ್ನ ಮೊಣಕಾಲನ್ನು ಹಿಡಿದು ಮೇಲಕ್ಕೆಳೆದಳು. ಕಾರು ಹಾರಿತು. ಅಪ್ಪನ ಹೆಣವನ್ನು ಹಿಂದಿಕ್ಕಿ, ಅತ್ತೆಯನ್ನು ಬಳಸಿ, ದೊಡ್ಡ ರಸ್ತೆಗೆ ನುಗ್ಗಿತು. ಕಾಲು ಮತ್ತೆ ಯಾವಾಗ ಬ್ರೇಕಿನ ಮೇಲೆ ಬಿತ್ತೋ ಅವಳಿಗೇ ತಿಳಿಯಲಿಲ್ಲ. ಲಾರಿ ಕಿರುಚುತ್ತ ಜಾರಿ ಬಂದು, ಅವಳ ಬಾಗಿಲಿಗೆ ಒಂದು ಮೊಳ ಬಿಟ್ಟು ನಿಂತಿತು. ಮೇಲಿನಿಂದ ಎರಡು ಕಲ್ಲು ಉರುಳಿ ಕಾರಿನ ಮೇಲ್ಛಾವಣಿಗೆ ಬಡಿದವು.

ಅತ್ತೆ ಕತ್ತು ತಿರುಗಿಸಲಿಲ್ಲ. ಆಸರೆಗೆ ಕಾರಿನ ಬಾನೆಟ್ಟಿನ ಮೇಲೆ ಕೈಯೂರಿ, ದಿನದಂತೆ ಅದನ್ನು ಮೆಲ್ಲಗೆ ತಟ್ಟಿ, ಚಪ್ಪಲಿ ಎಳೆಯುತ್ತ ಆಚೆಗೆ ಹೋದಳು. ಒಂದು ಕಾಲು ಕಟ್ಟೆ ಹತ್ತಿತು. ಇನ್ನೊಂದೂ ಹತ್ತಿತು. ಬೇಕರಿಯ ಗಾಜಿನ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು.

ಲಾರಿಯವನು ಬೈಯುತ್ತಿದ್ದ. ಅವನ ಹಿಂದೆ ಇನ್ನೊಂದು ಲಾರಿ ಬಂದು ನಿಂತಿತು, ಅದರ ಹಿಂದೆ ಮತ್ತೊಂದು. ಗಲ್ಲಿಯ ಬಾಯಲ್ಲಿ ಹೆಣದ ವ್ಯಾನು ಕಾಯುತ್ತಿತ್ತು.

“ಹೊರಡೋಣ್ವಾಮ್ಮ?” ಎಂದ ಟೈಲರ್, ಹಣೆ ಒರೆಸಿಕೊಳ್ಳುತ್ತ.

ಆಕ್ಸಿಲರೇಟರ್ ಮೆಲ್ಲಗೆ ಒತ್ತಿದ. ಕಾರು ಕದಲಲಿಲ್ಲ.

“ಅಮ್ಮಾ?”

ಪಕ್ಕದ ಸೀಟಿನ ಕಡೆ ತಿರುಗಲು ಅವನಿಗೆ ಧೈರ್ಯ ಸಾಲದಾಯಿತು. ಕೊನೆಗೆ ತಿರುಗಿ ನೋಡಿದ. ಅವಳು ಬೇಕರಿಯ ಬಾಗಿಲನ್ನೇ ನೋಡುತ್ತ, ಸವೆದ ಕಬ್ಬಿಣದ ಮೇಲೆ ಕಾಲು ಅದುಮಿ, ಅಲುಗಾಡದೆ ಕೂತಿದ್ದಳು.